ಎರಡನೆಯ ಸಲ ಬಿದ್ದಾಗಷ್ಟೇ ಎಚ್ಚೆತ್ತ ಗಡಿಯಾರ

ಈ ಪ್ರಕರಣದ ಅಜ್ಜಿ ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲ. ಹಿರಿಯರು ಬಿದ್ದಾಗ ಏನೇನು ನಡೆಯುತ್ತದೆ, ಉಪಕರಣಗಳು ಎಲ್ಲಿ ಕೈಹಿಡಿಯುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಒಂದೇ ಬೆಳಗಿನೊಳಗೆ ಇಟ್ಟು ನೋಡಲು ಕಟ್ಟಿಕೊಂಡ ಪ್ರಕರಣ ಇದು. ವಯಸ್ಸು, ದೂರ, ಗಂಟೆ-ನಿಮಿಷಗಳನ್ನು ನಾನೇ ಇಟ್ಟಿದ್ದೇನೆ. ನಡುನಡುವೆ ಬರುವ ಅಧ್ಯಯನಗಳು ಮತ್ತು ಅವುಗಳ ಅಂಕಿಗಳು ಮಾತ್ರ ನಿಜವಾದವು.

ಅಜ್ಜಿಗೆ 79 ವರ್ಷ. ಊರಂಚಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಗಳು ದೂರದಲ್ಲಿದ್ದಾಳೆ. ಕಿವಿ ಸ್ವಲ್ಪ ಮಂದ. ರಕ್ತದೊತ್ತಡಕ್ಕೆ ಎರಡು ಮಾತ್ರೆ ನಡೆಯುತ್ತಿವೆ, ಅದರಲ್ಲೊಂದು ಮೂತ್ರ ಹೆಚ್ಚಿಸುವಂಥದ್ದು. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯ ಬಡಿತದ ಲಯ ತಪ್ಪುವ ತೊಂದರೆ ಇರುವುದರಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯೂ ಇದೆ. ಮುಂಗೈಯಲ್ಲಿ ಸಿಮ್ ಇರುವ ಸ್ಮಾರ್ಟ್‌ವಾಚ್. ಅವರು ಬಿದ್ದರೆಂದು ಅದಕ್ಕೆ ಅನ್ನಿಸಿದರೆ ನೇರವಾಗಿ ಒಂದು ನಿಗಾ ಕೇಂದ್ರಕ್ಕೆ ಕರೆ ಹೋಗುತ್ತದೆ. ಆ ಕೇಂದ್ರದ ಡ್ರೋನ್ ನೆಲೆ ಮನೆಯಿಂದ 6 ಕಿಲೋಮೀಟರ್ ದೂರ. ಹತ್ತಿರದ ಆಂಬುಲೆನ್ಸ್ ಅದಕ್ಕಿಂತಲೂ ದೂರದಲ್ಲಿ ನಿಲ್ಲುತ್ತದೆ.

ಆ ಒಂದು ಗಂಟೆ

ಬೆಳಿಗ್ಗೆ 5:40. ಹಿತ್ತಿಲಿನ ಕಲ್ಲುಬೆಂಚಿನ ಮೇಲೆ ಕೂತಿದ್ದ ಅಜ್ಜಿ ಎದ್ದು ನಿಂತರು. ಎದ್ದ ಗಳಿಗೆಗೇ ಕಣ್ಣು ಕತ್ತಲೆ ಬಂತು. ಬಟ್ಟೆ ಒಣಹಾಕುವ ಕಂಬವನ್ನು ಗಡಿಯಾರ ಕಟ್ಟಿದ ಎಡಗೈಯಲ್ಲಿ ಹಿಡಿದುಕೊಂಡು, ಅದಕ್ಕೇ ಆತುಕೊಂಡು ಮೆಲ್ಲಗೆ ಜಾರುತ್ತ ನೆಲಕ್ಕೆ ಕೂತರು, ಆಮೇಲೆ ಒರಗಿದರು. ಏಟು ಬೀಳಲಿಲ್ಲ. ಗಡಿಯಾರವೂ ಸದ್ದು ಮಾಡಲಿಲ್ಲ.

ಅವರಿಗೆ ಪ್ರಜ್ಞೆ ಇತ್ತು. ಗಡಿಯಾರದ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ಸಹಾಯ ಬರುತ್ತದೆ ಎನ್ನುವುದೂ ಗೊತ್ತಿತ್ತು. ಒತ್ತಲಿಲ್ಲ. ಸುಧಾರಿಸಿಕೊಂಡು ಎದ್ದರಾಯಿತು, ಇಷ್ಟಕ್ಕೆಲ್ಲ ಊರನ್ನೇ ಎಬ್ಬಿಸುವುದೇಕೆ ಅಂದುಕೊಂಡರು. ಇಪ್ಪತ್ತು ನಿಮಿಷ ಪ್ರಯತ್ನಪಟ್ಟು ಕಡೆಗೆ 6:02ಕ್ಕೆ ಕಂಬ ಹಿಡಿದು ಅರ್ಧ ಎದ್ದರು. ಈ ಸಲ ಕೈ ಜಾರಿತು. ಬಲಗೈ ಊರಿ ಬಿದ್ದರು, ತಲೆಯ ಪಕ್ಕ ಬೆಂಚಿನ ಅಂಚಿಗೆ ಬಡಿಯಿತು. ಗಡಿಯಾರ ಈಗ ಎಚ್ಚೆತ್ತಿತು. ಮುಂಗೈಗೆ ತಟ್ಟಿತು, ಕೂಗಿತು, ಒಂದು ನಿಮಿಷದಷ್ಟು ಅಲುಗಾಟವಿಲ್ಲದ್ದನ್ನು ನೋಡಿ ಕೌಂಟ್‌ಡೌನ್ ಮುಗಿಸಿ 6:04ಕ್ಕೆ ಕೇಂದ್ರಕ್ಕೆ ಕರೆ ಮಾಡಿತು.

"ಅಮ್ಮಾ, ಕೇಳಿಸ್ತಿದೆಯಾ? ಎಲ್ಲಿದ್ದೀರಿ?" ಎಂದು ಆಪರೇಟರ್ ಕೇಳಿದರು. ಗಡಿಯಾರದ ಪುಟ್ಟ ಸ್ಪೀಕರಿನ ದನಿ ಅಜ್ಜಿಯ ಕಿವಿಗೆ ಅರ್ಧಂಬರ್ಧ ಬಿತ್ತು. ಉತ್ತರವಾಗಿ ನರಳಾಟ, ನಡುವೆ "ಹಿಂದೆ" ಎಂಬ ಒಂದು ಮಾತು. ಪಟ್ಟಿಯಲ್ಲಿದ್ದ ಪಕ್ಕದ ಮನೆಯವರಿಗೆ ಫೋನ್ ಹೋಯಿತು, ಎತ್ತಲಿಲ್ಲ. 6:06ಕ್ಕೆ ಆಂಬುಲೆನ್ಸಿಗೆ ಹೇಳಲಾಯಿತು. ಮನೆಯ ಒಳಗೋ ಹೊರಗೋ ಗೊತ್ತಿಲ್ಲದಿದ್ದರೂ ಆ "ಹಿಂದೆ" ಎಂಬ ಮಾತನ್ನು ನಂಬಿ ಆಪರೇಟರ್ ಡ್ರೋನ್ ಕೂಡ ಕಳಿಸಿದರು. 6:08ಕ್ಕೆ ಏರಿದ ಡ್ರೋನ್, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 6:14ಕ್ಕೆ ಮನೆಯ ಮೇಲಿತ್ತು. ಶಾಖ ಗುರುತಿಸುವ ಕ್ಯಾಮೆರಾದಲ್ಲಿ ಅಜ್ಜಿ ಕಂಡದ್ದು 6:17ಕ್ಕೆ.

ಹಗ್ಗದಲ್ಲಿ ಇಳಿಬಿಟ್ಟ ಪೊಟ್ಟಣದಲ್ಲಿ ಶಾಖ ಹಿಡಿದಿಡುವ ತೆಳುಹೊದಿಕೆ, ಒಂದು ಫೋನ್ ಇದ್ದವು. ಅದು ಅಜ್ಜಿಯಿಂದ ನಾಲ್ಕು ಹೆಜ್ಜೆ ಆಚೆ ಬಿತ್ತು. ಮೇಲೇಳಲಾಗದವರಿಗೆ ನಾಲ್ಕು ಹೆಜ್ಜೆಯೂ ಒಂದೇ, ನಾಲ್ಕು ಹರದಾರಿಯೂ ಒಂದೇ. 6:21ಕ್ಕೆ ಪಕ್ಕದ ಮನೆಯಾತ ಹೊರಗೆ ಬಂದು, ಬೇಲಿ ದಾಟಿ, ಹೊದಿಕೆ ಬಿಚ್ಚಿ ಹೊದಿಸಿದ. ಆತನನ್ನು ಎಬ್ಬಿಸಿದ್ದು ಫೋನಲ್ಲ, ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಡ್ರೋನಿನ ಸದ್ದು. 6:24ಕ್ಕೆ ಬ್ಯಾಟರಿ ಸಾಲದೆ ಡ್ರೋನ್ ಹಿಂದಿರುಗಿತು. ಆಂಬುಲೆನ್ಸ್ ಬಂದದ್ದು 6:33ಕ್ಕೆ; ಓಣಿಯ ತಿರುವು ತಪ್ಪಿದ್ದರಿಂದ ಅಜ್ಜಿಯ ಪಕ್ಕ ಮೊಣಕಾಲೂರಿ ಕೂತಾಗ 6:38. ಮೊದಲ ಸಲ ನೆಲ ಕಂಡಲ್ಲಿಂದ ಲೆಕ್ಕ ಹಾಕಿದರೆ 58 ನಿಮಿಷ.

ಮೊದಲ ಸಲ ಗಡಿಯಾರ ಸುಮ್ಮನಿದ್ದದ್ದು

ಬೀಳುವುದು ಎಂದರೆ ಈ ಗಡಿಯಾರಗಳ ಲೆಕ್ಕದಲ್ಲಿ ಒಂದು ಆಕಾರ. ವೇಗ ಬದಲಾವಣೆಯನ್ನು ಅಳೆಯುವ ಸೆನ್ಸರ್ ಕದಲದೆ ಇದ್ದಾಗ ಒಂದು ಜಿ ತೋರಿಸುತ್ತದೆ, ಅಂದರೆ ಭೂಮಿಯ ಸೆಳೆತದಷ್ಟು. ದೇಹ ಗಾಳಿಯಲ್ಲಿ ಕೆಳಗಿಳಿಯುವ ಅರ್ಧ ಸೆಕೆಂಡಿನಲ್ಲಿ ಅದು ಸೊನ್ನೆಯ ಕಡೆಗೆ ಇಳಿಯುತ್ತದೆ, ನೆಲ ತಾಕಿದಾಗ ಹಲವು ಪಟ್ಟು ಜಿಗಿಯುತ್ತದೆ, ಆಮೇಲೆ ಚಪ್ಪಟೆಯಾಗುತ್ತದೆ. ತಗ್ಗು, ಶಿಖರ, ಮೌನ: ಈ ಮೂರೂ ಸಾಲಾಗಿ ಬಂದರೆ ಬಿದ್ದರು ಎಂದರ್ಥ. ಕಂಬ ಹಿಡಿದು ಜಾರಿದ ಅಜ್ಜಿಯ ಕೈಯಲ್ಲಿ ತಗ್ಗೂ ಇರಲಿಲ್ಲ, ಶಿಖರವೂ ಇರಲಿಲ್ಲ. ಬರೀ ಮೌನ ಇತ್ತು, ಅದು ಬೆಂಚಿನ ಮೇಲೆ ಕೂತಾಗಲೂ ಇರುತ್ತದೆ.

ಗಾಳಿಯ ಒತ್ತಡ ಅಳೆದು ಎತ್ತರದ ಬದಲಾವಣೆ ಹಿಡಿಯುವ ಗಡಿಯಾರಗಳಿವೆ. ಒಂದು ಮೀಟರ್ ಕೆಳಗಿಳಿದರೆ ಒತ್ತಡ ಸುಮಾರು 12 ಪಾಸ್ಕಲ್ ಏರುತ್ತದೆ. ಇದನ್ನು ಹಿಡಿಯುವಷ್ಟು ಸೂಕ್ಷ್ಮತೆ ಸೆನ್ಸರಿಗೆ ಇದೆ. ಆದರೆ ಬೀಸುಗಾಳಿ, ಧಡಾರನೆ ಮುಚ್ಚಿದ ಬಾಗಿಲು ಕೂಡ ಇಷ್ಟೇ ಒತ್ತಡವನ್ನು ಏರಿಳಿಸುತ್ತವೆ. ಸುಳಿವಾಗಿ ಬಳಸಬಹುದು, ಸಾಕ್ಷಿಯಾಗಿ ಅಲ್ಲ.

ಇದರ ಹಿಂದೆ ಇನ್ನೊಂದು ಕಾರಣ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಇಂಥ ಲೆಕ್ಕಗಳನ್ನು ಬಹುಪಾಲು ಕಲಿಸಿರುವುದು ಪ್ರಯೋಗಾಲಯದಲ್ಲಿ ಮೆತ್ತನೆಯ ಹಾಸಿನ ಮೇಲೆ ಬೇಕೆಂದೇ ಬಿದ್ದ ಯುವಕರಿಂದ. ನಿಜವಾದ ಹಿರಿಯರು ಹಾಗೆ ಬೀಳುವುದಿಲ್ಲ. 2012ರಲ್ಲಿ ಸಂಶೋಧಕರು ಆ ಹೊತ್ತಿಗೆ ಪ್ರಕಟವಾಗಿದ್ದ 13 ವಿಧಾನಗಳನ್ನು 29 ನಿಜವಾದ ಬೀಳುವಿಕೆಗಳ ದಾಖಲೆಯ ಮೇಲೆ ಹರಿಸಿ ನೋಡಿದರು. ಸರಾಸರಿ 57 ಶೇಕಡ ಮಾತ್ರ ಪತ್ತೆಯಾದವು. ಲ್ಯಾಬಿನಲ್ಲಿ ಇವೇ ವಿಧಾನಗಳು ಇದಕ್ಕಿಂತ ಎಷ್ಟೋ ಚೆನ್ನಾಗಿ ನಡೆದಿದ್ದವು. ಮರುವರ್ಷ ಕೆನಡಾದ ಸೈಮನ್ ಫ್ರೇಜರ್ ವಿಶ್ವವಿದ್ಯಾಲಯದ ತಂಡ ವೃದ್ಧಾಶ್ರಮಗಳ ಕ್ಯಾಮೆರಾಗಳಲ್ಲಿ ಸೆರೆಯಾದ 227 ಬೀಳುವಿಕೆಗಳನ್ನು ವಿಶ್ಲೇಷಿಸಿ ಪ್ರಕಟಿಸಿತು. ಕಾಲು ಜಾರಿ ಬಿದ್ದದ್ದು ಬರೀ 3 ಶೇಕಡ. 41 ಶೇಕಡ ಬೀಳುವಿಕೆಗಳು ಆದದ್ದು ಮೈಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕುವಾಗ: ಏಳುವಾಗ, ಕೂರುವಾಗ, ತಿರುಗುವಾಗ, ಬಗ್ಗುವಾಗ. ಒದ್ದೆ ನೆಲವನ್ನೇ ಶತ್ರು ಅಂದುಕೊಂಡು ಕೂತಿರುವ ನಮಗೆ ಇದು ತುಸು ಬುದ್ಧಿ ಹೇಳಬೇಕು. ನಮ್ಮ ಅಜ್ಜಿ ಮೊದಲ ಸಲ ಬಿದ್ದದ್ದೂ ಕಾಲು ಜಾರಿ ಅಲ್ಲ, ಏಳುವಾಗ.

ಹಾಗಿದ್ದರೆ ಗಡಿಯಾರದ ಸೂಕ್ಷ್ಮತೆ ಹೆಚ್ಚಿಸಿಬಿಡಿ ಎಂದು ಮಗಳು ಕೇಳುತ್ತಾಳೆ. ಯಾರಾದರೂ ಕೇಳುವಂಥದ್ದೇ. ಲೆಕ್ಕ ಹೀಗಿದೆ: ವರ್ಷಕ್ಕೆ ಎರಡು ಸಲ ಬೀಳುವವರ ಗಡಿಯಾರ ವಾರಕ್ಕೊಂದು ಸುಳ್ಳು ಕರೆ ಮಾಡಿದರೂ ವರ್ಷದ 54 ಕರೆಗಳಲ್ಲಿ 52 ಸುಳ್ಳು. ಚಪ್ಪಾಳೆ ಹೊಡೆದರೆ, ಸೋಫಾದ ಮೇಲೆ ಧೊಪ್ಪನೆ ಕೂತರೆ, ಗಡಿಯಾರವನ್ನೇ ಕೈಯಿಂದ ಬೀಳಿಸಿದರೆ ಕರೆ. ಎರಡು ತಿಂಗಳಲ್ಲಿ ಆಪರೇಟರಿಗೆ ಆ ನಂಬರ್ ಕಂಡರೆ ಬೇಸರ ಬರುತ್ತದೆ. ಅದಕ್ಕೂ ಮೊದಲೇ ಅಜ್ಜಿ ಗಡಿಯಾರ ಬಿಚ್ಚಿ ಕಪಾಟಿನಲ್ಲಿ ಇಟ್ಟಿರುತ್ತಾರೆ. ಸೊಂಟಕ್ಕೆ ಕಟ್ಟಿದರೆ ಸೆನ್ಸರ್ ದೇಹದ ನಡುಭಾಗದ ಚಲನೆಯನ್ನೇ ನೋಡುವುದರಿಂದ ಗೊಂದಲ ಕಡಿಮೆ. ಆದರೆ ದಿನವೂ ನೆನಪಿಟ್ಟು ಸೊಂಟಕ್ಕೆ ಪಟ್ಟಿ ಕಟ್ಟುವ ಹಿರಿಯರು ಎಷ್ಟು ಜನ? ಮುಂಗೈ ಕೆಟ್ಟ ಜಾಗ, ಆದರೂ ಜನ ಕಟ್ಟಿಕೊಳ್ಳುವ ಜಾಗ.

ಗುಂಡಿ ಒತ್ತದೇ ಇದ್ದದ್ದು

ಆ ಇಪ್ಪತ್ತು ನಿಮಿಷ ಅಜ್ಜಿ ಗುಂಡಿ ಒತ್ತಲಿಲ್ಲ ಎಂಬುದನ್ನು ಓದಿ ಸಿಟ್ಟು ಬರಬಹುದು. ಇದು ಆ ಅಜ್ಜಿಯೊಬ್ಬರ ಹಟವಲ್ಲ. 2008ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ತೊಂಬತ್ತು ದಾಟಿದ 110 ಮಂದಿಯನ್ನು ಒಂದು ವರ್ಷ ಗಮನಿಸಿ ಬರೆದ ವರದಿಯಲ್ಲಿ ಬಿದ್ದವರು 66 ಮಂದಿ. ಅವರಲ್ಲಿ 20 ಜನ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನೆಲದ ಮೇಲೆಯೇ ಇದ್ದರು. ಕರೆಗುಂಡಿಗಳು ಹೆಚ್ಚಿನವರ ಬಳಿ ಇದ್ದವು, ಬಹುಪಾಲು ಸಂದರ್ಭಗಳಲ್ಲಿ ಬಳಕೆಯಾಗಲಿಲ್ಲ. ತೊಂದರೆ ಕೊಡಬಾರದು, ತಾನೇ ಏಳಬಲ್ಲೆ, ಆಸ್ಪತ್ರೆಗೆ ಹಾಕಿಬಿಡುತ್ತಾರೆ, ಇನ್ನು ಒಬ್ಬಳನ್ನೇ ಇರಲು ಬಿಡುವುದಿಲ್ಲ: ಹೀಗೆ ಕಾರಣಗಳು ಒಂದರ ಹಿಂದೊಂದು. ಕಡೆಯದ್ದೇ ಹೆಚ್ಚು ಭಾರದ್ದು ಎಂದು ನನಗನ್ನಿಸುತ್ತದೆ. ಗುಂಡಿ ಒತ್ತಿದರೆ ಸಹಾಯದ ಜೊತೆಗೆ ತೀರ್ಪೂ ಬರುತ್ತದೆ ಎಂದು ಅವರಿಗೆ ಗೊತ್ತು.

ನೆಲದ ಮೇಲೆ ಕಳೆದ ಹೊತ್ತು ಏಕೆ ಮುಖ್ಯ ಎಂದರೆ, ಮೂಳೆ ಮುರಿಯದಿದ್ದರೂ ಆ ಹೊತ್ತೇ ಕೊಲ್ಲಬಲ್ಲದು. ಒಂದೇ ಮಗ್ಗುಲಲ್ಲಿ ಮೈಭಾರದ ಕೆಳಗೆ ಸಿಕ್ಕ ಸ್ನಾಯು ನಜ್ಜುಗುಜ್ಜಾಗಿ ಒಡೆಯುತ್ತದೆ. ಅದರಿಂದ ಹೊರಬಂದ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡವನ್ನು ಕೆಡಿಸುತ್ತದೆ. ಜೊತೆಗೆ ಮೈ ತಣ್ಣಗಾಗುವುದು, ನೀರಿಲ್ಲದೆ ಒಣಗುವುದು, ಒತ್ತಡದ ಹುಣ್ಣು, ನ್ಯುಮೋನಿಯಾ. ಬ್ರಿಟನ್ನಿನಲ್ಲಿ 1981ರಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಗಂಟೆಗೂ ಮೀರಿ ನೆಲದಲ್ಲಿದ್ದವರ ಪೈಕಿ ಅರ್ಧದಷ್ಟು ಮಂದಿ ಆರು ತಿಂಗಳೊಳಗೆ ತೀರಿಕೊಂಡಿದ್ದರು. ಹಾಗಾಗಿ ನಮ್ಮ ಪ್ರಕರಣದಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದ ಗಡಿಯಾರದ ಮುಳ್ಳು 6:02ರಿಂದ ಅಲ್ಲ, 5:40ರಿಂದ ಓಡಿದೆ. ಕೇಂದ್ರದ ವರದಿಯಲ್ಲಿ ಮಾತ್ರ ಅದು 6:04ರಿಂದ ಶುರುವಾಗುತ್ತದೆ, "34 ನಿಮಿಷದಲ್ಲಿ ನೆರವು" ಎಂದು ಮುಗಿಯುತ್ತದೆ. ಆ ವರದಿಯಲ್ಲಿ ಸುಳ್ಳಿಲ್ಲ, ಆದರೂ ಅಜ್ಜಿಯ 24 ನಿಮಿಷ ಅದರಲ್ಲಿ ಇಲ್ಲ.

ಡ್ರೋನಿನ ಪಾಲು

ಡ್ರೋನ್ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಸ್ವೀಡನ್ನಿನ ಟ್ರೋಲ್‌ಹೆಟ್ಟನ್. 2021ರ ಡಿಸೆಂಬರಿನಲ್ಲಿ ಅಲ್ಲಿ ಹಿಮ ಎತ್ತಿಹಾಕುತ್ತಿದ್ದ 71 ವರ್ಷದವರ ಹೃದಯ ನಿಂತಾಗ, ಕರೆ ಹೋದ ಮೂರು ನಿಮಿಷ ದಾಟುವಷ್ಟರಲ್ಲಿ ಡ್ರೋನ್ ಶಾಕ್ ಕೊಡುವ ಯಂತ್ರವನ್ನು ಮನೆ ಮುಂದೆ ಇಳಿಸಿತು. ಆ ದಾರಿಯಲ್ಲಿ ಹೋಗುತ್ತಿದ್ದ ವೈದ್ಯರೊಬ್ಬರು ಅದನ್ನು ಬಳಸಿದರು, ರೋಗಿ ಬದುಕಿದರು. ಅದೇ ಸೇವೆಯ ಬಗ್ಗೆ 2023ರಲ್ಲಿ ಪ್ರಕಟವಾದ ಫಲಿತಾಂಶ ಇನ್ನಷ್ಟು ಉಪಯುಕ್ತ: ಹೋಲಿಸಬಹುದಾದ 55 ಪ್ರಕರಣಗಳಲ್ಲಿ 37ರಲ್ಲಿ ಡ್ರೋನ್ ಆಂಬುಲೆನ್ಸಿಗಿಂತ ಮೊದಲು ತಲುಪಿತ್ತು, ಹಾಗೆ ಮೊದಲು ತಲುಪಿದಾಗ ಉಳಿದ ಸಮಯದ ಮಧ್ಯಾಂಕ 3 ನಿಮಿಷ 14 ಸೆಕೆಂಡು. ಮೊದಲೇ ತಲುಪಿದ ಪ್ರಕರಣಗಳ ಪೈಕಿ ನಿಜವಾಗಿಯೂ ಹೃದಯ ನಿಂತದ್ದು 18ರಲ್ಲಿ. ಯಂತ್ರವನ್ನು ರೋಗಿಗೆ ಹಚ್ಚಿದ್ದು 6ರಲ್ಲಿ ಮಾತ್ರ.

ಮೊದಲೇ ಬಂದು ನಿಂತಿದ್ದ ಯಂತ್ರ ಉಳಿದ ಹನ್ನೆರಡರಲ್ಲಿ ಬಳಕೆಯಾಗಲಿಲ್ಲ. ಹಾರಾಟ ಗೆದ್ದಿದೆ, ಕಡೆಯ ಕೆಲವು ಮೀಟರ್ ಸೋತಿದೆ. ಅಲ್ಲಾದರೂ ಪಕ್ಕದಲ್ಲಿ ಕರೆ ಮಾಡಿದ ಒಬ್ಬರು ಇರುತ್ತಾರೆ. ಒಂಟಿಯಾಗಿ ಬಿದ್ದವರ ಪಕ್ಕದಲ್ಲಿ ಅವರೂ ಇರುವುದಿಲ್ಲ. ಹಾಗಾಗಿ ಹೃದಯ ನಿಂತವರಿಗೆಂದು ಇರುವ ಡ್ರೋನನ್ನು ಹಾಗೇ ಎತ್ತಿ ಬೀಳುವಿಕೆಗೆ ತಂದು ಅಂಟಿಸಿದರೆ ನಡೆಯುವುದಿಲ್ಲ. ಅಜ್ಜಿಗೆ ಇಳಿಸಿದ ಪೊಟ್ಟಣದ ಗತಿಯೇ ಆಗುತ್ತದೆ. ಪೊಟ್ಟಣವನ್ನು ಇನ್ನೂ ಹತ್ತಿರ ಇಳಿಸಬಹುದಿತ್ತಲ್ಲ ಎಂದರೆ, ಬಿದ್ದು ಮಲಗಿದವರ ಮೇಲೆ ರೆಕ್ಕೆ ತಿರುಗುವ ಯಂತ್ರವನ್ನು ಇಳಿಸಲಾಗದು. ಅದಕ್ಕೇ ಇಂಥ ಡ್ರೋನ್‌ಗಳು ಸುಮಾರು 30 ಮೀಟರ್ ಮೇಲೆಯೇ ನಿಂತು ಹಗ್ಗ ಇಳಿಬಿಡುತ್ತವೆ. ಹಗ್ಗಕ್ಕೆ ಗಾಳಿಯ ಓಲಾಟ ಇದ್ದದ್ದೇ.

ಹಾಗಾದರೆ ಅದು ಹೋದದ್ದು ದಂಡವೇ? ಅಲ್ಲ. ಅದು ಮೂರು ಕೆಲಸ ಮಾಡಿತು, ಮೂರೂ ಪೊಟ್ಟಣಕ್ಕೆ ಸಂಬಂಧಪಟ್ಟವಲ್ಲ. ಮೊದಲನೆಯದು ಹುಡುಕಾಟ. ಬಯಲಲ್ಲಿ ಜಿಪಿಎಸ್ ಐದು ಮೀಟರಿನ ಆಸುಪಾಸಿನಲ್ಲಿ ಜಾಗ ತೋರಿಸುತ್ತದೆ, ಆದರೆ ಗೋಡೆ-ಮರಗಳ ಪಕ್ಕದಲ್ಲಿ ಬಿದ್ದ ಗಡಿಯಾರ ಕೊಟ್ಟ ವರ್ತುಲದೊಳಗೆ ಮನೆಯೂ ಇತ್ತು, ಹಿತ್ತಿಲೂ ಇತ್ತು, ಪಕ್ಕದವರ ಅಂಗಳವೂ ಇತ್ತು. ಬೆಳಗಿನ ಜಾವ ನೆಲ ತಣ್ಣಗಿರುವುದರಿಂದ ಶಾಖದ ಕ್ಯಾಮೆರಾದಲ್ಲಿ ಮೈ ಎದ್ದು ಕಂಡಿತು. ಮಟಮಟ ಮಧ್ಯಾಹ್ನ ಕಾದ ಕಲ್ಲಿನ ಪಕ್ಕ ಬಿದ್ದಿದ್ದರೆ, ದಟ್ಟ ಮರದಡಿ ಇದ್ದಿದ್ದರೆ ಕಾಣುತ್ತಿದ್ದದ್ದು ಅನುಮಾನ. ಎರಡನೆಯದು, ಕೈ ಅಲುಗುತ್ತಿದೆ, ಉಸಿರಾಡುತ್ತಿದ್ದಾರೆ, ತಲೆಯ ಪಕ್ಕ ರಕ್ತವಿದೆ ಎಂಬ ನೋಟ ಆಂಬುಲೆನ್ಸಿನವರಿಗೆ ಹೊರಟ ದಾರಿಯಲ್ಲೇ ಸಿಕ್ಕಿತು. ಮೂರನೆಯದು ಆ ಸದ್ದು. ತಯಾರಕರು ತಗ್ಗಿಸಲು ಹೆಣಗುವ, ಸುತ್ತಲಿನವರು ದೂರು ಕೊಡುವ ಅದೇ ಸದ್ದು ಒಬ್ಬ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಿ ಹೊರಗೆ ತಂದಿತು. ಯಾರೂ ಹಾಗೆಂದು ಯೋಚಿಸಿ ಇಟ್ಟದ್ದಲ್ಲ.

ಇದೇ ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದರೆ ಡ್ರೋನ್ ಮಾಳಿಗೆಯನ್ನು ನೋಡಿ ಹಿಂದಿರುಗುತ್ತಿತ್ತು. ಮನೆಯೊಳಗಿನ ಬೀಳುವಿಕೆಗೆ ಬೇಕಾದದ್ದು ಬಾಗಿಲು ತೆಗೆಯುವ ಏರ್ಪಾಡು. ಮಳೆ, ಬಿರುಗಾಳಿ ಇದ್ದರೆ ಹಾರಾಟವೇ ಇಲ್ಲ. ಕಿವಿ ಮಂದವಾದ, ಗೊಂದಲದಲ್ಲಿರುವ ಹಿರಿಯರ ತಲೆಯ ಮೇಲೆ ದೀಪ ಮಿಟುಕಿಸುತ್ತ ಮಾತಾಡುವ ಯಂತ್ರ ನಿಂತರೆ ಅವರಿಗೆ ಧೈರ್ಯ ಬರುತ್ತದೋ, ದಿಗಿಲಾಗಿ ಏಳಲು ಹೋಗಿ ಇನ್ನೊಮ್ಮೆ ಬೀಳುತ್ತಾರೋ ಎನ್ನುವುದೂ ಇದೆ. ಮೊದಲೇ ಒಮ್ಮೆ ಹಗಲಲ್ಲಿ ಹಾರಿಸಿ ತೋರಿಸಿರಬೇಕು. ಆ ಕ್ಯಾಮೆರಾ ಪಕ್ಕದವರ ಅಂಗಳವನ್ನೂ ನೋಡುತ್ತದೆ ಎನ್ನುವುದರಿಂದ ಒಪ್ಪಿಗೆ ಕೇಳಬೇಕಾದದ್ದು ಅಜ್ಜಿಯೊಬ್ಬರನ್ನೇ ಅಲ್ಲ.

ಕಡತದಲ್ಲಿದ್ದ ಒಂದು ಸಾಲು

ಇಡೀ ಬೆಳಗಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಯಾವುದು ಎಂದು ಕೇಳಿದರೆ ನಾನು ಗಡಿಯಾರವನ್ನೂ ಹೇಳುವುದಿಲ್ಲ, ಡ್ರೋನನ್ನೂ ಹೇಳುವುದಿಲ್ಲ. ಕೇಂದ್ರದ ಕಡತದಲ್ಲಿ "ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ" ಎಂಬ ಸಾಲಿತ್ತು. ತಲೆಗೆ ಏಟು, ಜೊತೆಗೆ ಈ ಮಾತ್ರೆ ಎಂದರೆ ಮಿದುಳಿನಲ್ಲಿ ರಕ್ತ ಸೋರುವ ಭಯ. ಹೊರಗೆ ಏನೂ ಕಾಣದಿರಬಹುದು, ರೋಗಿ ಚೆನ್ನಾಗಿಯೇ ಮಾತಾಡುತ್ತಿರಬಹುದು. ಆ ಸಾಲು ಇದ್ದದ್ದರಿಂದ ಆಂಬುಲೆನ್ಸ್ ಹತ್ತಿರದ ಚಿಕ್ಕ ಆಸ್ಪತ್ರೆಗೆ ಹೋಗದೆ ಸಿಟಿ ಸ್ಕ್ಯಾನ್ ಇರುವಲ್ಲಿಗೆ ಹೋಯಿತು. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ, ನಿಗಾದಲ್ಲಿ ಇಟ್ಟುಕೊಂಡರು. ಬಲ ಮಣಿಕಟ್ಟಿನ ಮೂಳೆ ಮುರಿದಿತ್ತು. ಸ್ನಾಯು ಒಡೆದದ್ದನ್ನು ತೋರಿಸುವ ಕ್ರಿಯಾಟಿನ್ ಕೈನೇಸ್ ಸ್ವಲ್ಪ ಏರಿತ್ತು, ಸಲೈನ್‌ನಿಂದ ಇಳಿಯಿತು.

ಮಲಗಿಸಿ ಅಳೆದಾಗ ಮೇಲಿನ ರಕ್ತದೊತ್ತಡ 148 ಇದ್ದದ್ದು ನಿಂತ ಮೂರು ನಿಮಿಷದೊಳಗೆ 118ಕ್ಕೆ ಇಳಿಯಿತು. 20 ಇಳಿದರೇ ಅದನ್ನು ಕಾಯಿಲೆಯೆಂದು ಹಿಡಿಯುತ್ತಾರೆ. ಬೀಳಲು ಕಾರಣ ಇದೇ. ಈ ಪರೀಕ್ಷೆಗೆ ಬೇಕಾದದ್ದು ಬಿಪಿ ಯಂತ್ರ ಮತ್ತು ಐದಾರು ನಿಮಿಷ. ಗಡಿಯಾರ ಕಟ್ಟಿಸುವ ಮೊದಲು ಯಾರೂ ಮಾಡಿರಲಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯ ಪ್ರಮಾಣ ಇಳಿಸಿದ ಮೇಲೆ ಎದ್ದಾಗ ಕಣ್ಣು ಕತ್ತಲೆ ಬರುವುದು ಕಡಿಮೆಯಾಯಿತು.

ಆಮೇಲೆ

ಮನೆಗೆ ಬಂದ ಮೇಲೆ ಗಡಿಯಾರದ ಸೂಕ್ಷ್ಮತೆಯನ್ನು ಮುಟ್ಟಲಿಲ್ಲ. ಅದರ ಬದಲು ಇನ್ನೊಂದು ನಿಯಮ ಸೇರಿಸಿದರು: ಎದ್ದು ಓಡಾಡುವ ಹೊತ್ತಿನಲ್ಲಿ ಕಾಲು ಗಂಟೆ ಒಂದೂ ಹೆಜ್ಜೆ ದಾಖಲಾಗದಿದ್ದರೆ, ಗಡಿಯಾರ ಮನೆಯ ಹೊರಗೆ ಇದ್ದರೆ, ಮೆಲ್ಲಗೆ ಮುಂಗೈ ತಟ್ಟಿ "ಚೆನ್ನಾಗಿದ್ದೀರಾ?" ಎಂದು ಕೇಳುತ್ತದೆ. ಉತ್ತರ ಬಾರದಿದ್ದರೆ ಮೊದಲು ಪಕ್ಕದ ಮನೆಗೆ, ಆಮೇಲೆ ಕೇಂದ್ರಕ್ಕೆ. ಬಿದ್ದದ್ದನ್ನು ಪತ್ತೆ ಮಾಡುವ ಜಾಣತನ ಇದರಲ್ಲಿ ಇಲ್ಲ. ಆದರೆ ಮೆಲ್ಲಗೆ ಜಾರಿ ಕೂತವರನ್ನು ಇದು ಹಿಡಿಯುತ್ತದೆ. ಅಜ್ಜಿ ತಾವೇ ಸಹಾಯ ಕೇಳಬೇಕಾಗಿಲ್ಲ ಎಂಬುದು ಅವರಿಗೆ ಹಿಡಿಸಿತು. ಗಡಿಯಾರ ಕೇಳಿತು, ಹೇಳಿದೆ, ಅಷ್ಟೇ.

ಗಡಿಯಾರ ಚಾರ್ಜಿಗೆ ಹಾಕುವ ಹೊತ್ತು ರಾತ್ರಿಯಿಂದ ಸಂಜೆಗೆ ಬಂತು, ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಕೈಯಲ್ಲೇ ಇರಲಿ ಎಂದು. ಬಾಗಿಲ ಬಳಿ ಸಂಖ್ಯೆ ಒತ್ತಿ ತೆಗೆಯುವ ಕೀಲಿಪೆಟ್ಟಿಗೆ ಬಂತು. ಫಿಸಿಯೋಥೆರಪಿಸ್ಟ್ ನೆಲದಿಂದ ಏಳುವುದನ್ನು ಕಲಿಸಿದರು: ಮಗ್ಗುಲಾಗಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು, ಗಟ್ಟಿ ಕುರ್ಚಿ ಹಿಡಿದು ಒಂದು ಕಾಲು ಮುಂದಿಟ್ಟು. ಮಣಿಕಟ್ಟು ಕೂಡುವವರೆಗೆ ಇದು ನಿಧಾನ. ಕಾಲಿನ ಬಲ, ಸಮತೋಲನದ ವ್ಯಾಯಾಮವೂ ಶುರುವಾಯಿತು. ನ್ಯೂಜಿಲೆಂಡಿನ ಒಟಾಗೊ ವ್ಯಾಯಾಮ ಕ್ರಮದ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೀಳುವಿಕೆ 35 ಶೇಕಡ ಇಳಿದಿತ್ತು. ಇಂಥ ಅಂಕಿಯ ಮುಂದೆ ಯಾವ ಸೆನ್ಸರೂ ತುಸು ಸಂಕೋಚಪಡಬೇಕು, ಏಕೆಂದರೆ ಸೆನ್ಸರಿನದು ಬಿದ್ದ ಮೇಲಿನ ಮಾತು.

ಡ್ರೋನ್ ಪಟ್ಟಿಯಲ್ಲಿ ಉಳಿಯಿತು, ಷರತ್ತಿನ ಮೇಲೆ. ಗಡಿಯಾರ ಮನೆಯ ಹೊರಗಿದೆ ಎಂದು ತೋರಿದಾಗ, ಅಥವಾ ಬಿದ್ದವರ ಜಾಗ ಗೊತ್ತಾಗದಿದ್ದಾಗ ಮಾತ್ರ ಹಾರುತ್ತದೆ. ಪೊಟ್ಟಣದಿಂದ ಫೋನ್ ತೆಗೆದುಹಾಕಿದರು. ಅದರ ಭಾರದ ಬದಲಿಗೆ ಡ್ರೋನಿಗೆ ಜೋರು ಸ್ಪೀಕರ್ ಸೇರಿತು, ಅದು ಕೂಗಿ ಹೇಳುವುದು ಬಿದ್ದವರಿಗಲ್ಲ, ಅಕ್ಕಪಕ್ಕದವರಿಗೆ.